ಗೊಬ್ಬೂರ ಗುಡ್ಡದ ಹಸಿರು ಕಲ್ಲು

ಕರಿಗಲ್ಲಿಗೆ ಸುತ್ತಿಗೆ ಬಿದ್ದ ತಕ್ಷಣ ಒಂದು ವಾಸನೆ ಏಳುತ್ತದೆ. ಕಿಡಿ ಹಾರಿ ಆರಿದ ಮೇಲೆ ಉಳಿಯುವ ಸುಟ್ಟ ವಾಸನೆ. ಸ್ವಲ್ಪ ಗಂಧಕದ ಹಾಗೆ, ಸ್ವಲ್ಪ ಕೂದಲು ಸುಟ್ಟ ಹಾಗೆ. ಹೋದ ವಾರ ಆಳಂದದ ಹೊರಗೆ ಸಡಕಿನವರು ಜಲ್ಲಿ ಒಡೆಯುತ್ತಿದ್ದರು. ಸೈಕಲ್ ಮೇಲೆ ಹೊರಟಿದ್ದ ನನ್ನ ಮೂಗಿಗೆ ಆ ವಾಸನೆ ಬಡಿಯಿತು, ನನಗೆ ಗೊತ್ತಾಗುವ ಮೊದಲೇ ನನ್ನ ಬಾಯಿಂದ ಇನ್ನೊಬ್ಬನ ದನಿ ಹೊರಬಿತ್ತು: "ಏನ್ ಲೇ ಶರಣ್ಯಾ, ಕಲ್ಲಕಿಂತ ನಿನ್ನ ತಲಿನೇ ಗಟ್ಟಿ ಅದ ನೋಡು!"

ಜಲ್ಲಿ ಒಡೆಯುವ ಹೆಂಗಸರು ತಿರುಗಿ ನೋಡಿ ನಕ್ಕರು. ಅದು ಪೇಶ್ಕಾರ ಮಾಣಿಕರಾವನ ದನಿ. ಇಷ್ಟು ವರ್ಷವಾದರೂ ನನ್ನ ಗಂಟಲಿನಲ್ಲಿ ಬಾಡಿಗೆ ಕೊಡದೆ ಬಿಟ್ಟಿ ಕೂತಿದೆ. ಬೇರೆಯವರು ಹಗೆಯನ್ನು ಎದೆಯಲ್ಲಿ ಇಟ್ಟುಕೊಳ್ಳುತ್ತಾರಂತೆ. ನನ್ನ ಎದೆ ಡೇರೆಯ ಗೂಟದಷ್ಟೇ ಅಗಲ, ಅಲ್ಲಿ ಜಾಗ ಸಾಲದು. ಅದಕ್ಕೇ ನಾನು ಗಂಟಲಿನಲ್ಲಿ ಇಟ್ಟುಕೊಂಡೆ. ಮೊದಲೇ ಹೇಳಿಬಿಡುತ್ತೇನೆ, ಇದು ಕ್ಷಮಿಸಿದವನ ಬರಹವಲ್ಲ.

ಆಗ ನನಗೆ ಇಪ್ಪತ್ತು. ಓದಿದ್ದು ಆಳಂದದ ಮದರಸಾದಲ್ಲಿ ಉರ್ದು, ಮನೆಯಲ್ಲಿ ಕನ್ನಡ. ಕಲಿತದ್ದು ಎರಡರಲ್ಲೂ ಮಂದಿಯ ನಕಲು ಮಾಡುವುದು. ತಹಸೀಲದಾರರ ಸೀನು, ಮಾಸ್ತರರ ಸಿಟ್ಟು, ಬಾಡಿಗೆ ಗಾಡಿಯ ಎಣ್ಣೆ ಕಾಣದ ಗಾಲಿ, ಎಲ್ಲವೂ ನನ್ನ ಬಾಯಲ್ಲಿದ್ದವು. ನಲವತ್ತೇಳರ ಮಳೆಗಾಲ ಮುಗಿದು, ಕರಿ ನೆಲ ಗಾಡಿಗೆ ದಾರಿ ಕೊಡುವಷ್ಟು ಆರಿದಾಗ, ಹೈದರಾಬಾದಿನಿಂದ ಒಬ್ಬ ಮುದಿ ಸಾಹೇಬರು ಕಲ್ಲು ಕೂಡಿಸಲು ಬಂದರು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕಿನ ಎಲ್ಲ ಬಗೆಯ ಕಲ್ಲನ್ನೂ ಒಂದೊಂದು ಮುಷ್ಟಿಯಷ್ಟು ತೆಗೆದು ಪೆಟ್ಟಿಗೆಯಲ್ಲಿ ಜೋಡಿಸಿಟ್ಟರೆ, ಎಲ್ಲಿ ಸುಣ್ಣದ ಕಲ್ಲಿದೆ, ಎಲ್ಲಿ ನೆಲಕ್ಕೆ ಹಾಸುವ ಫರಸಿ ಸಿಗುತ್ತದೆ, ಎಲ್ಲಿ ಲೋಹ ಹುಡುಕಬೇಕು ಎಂದು ಮುಂದಿನವರು ಕೂತಲ್ಲೇ ತಿಳಿಯಬಹುದು ಎಂದು ಅವರ ಲೆಕ್ಕ. ಊರವರ ಜೊತೆ ಮಾತಾಡಲು, ಕಲ್ಲಿನ ಮೇಲೆ ನಂಬರು ಬರೆಯಲು ಒಬ್ಬ ಬೇಕಿತ್ತು. ಅಕ್ಷರ ದುಂಡಗಿದ್ದವು ಎಂದು ನನ್ನನ್ನು ಇಟ್ಟುಕೊಂಡರು. ಬಾಯಿಯ ವಿಷಯ ಅವರಿಗೆ ಇನ್ನೂ ಗೊತ್ತಿರಲಿಲ್ಲ.

ಅದು ಯಾರ ಸರ್ಕಾರ ಉಳಿಯುತ್ತದೆಂದು ಯಾರಿಗೂ ತಿಳಿಯದ ವರ್ಷ. ಸಂತೆಯಲ್ಲಿ ಮಂದಿ ದನಿ ತಗ್ಗಿಸಿ ಮಾತಾಡುತ್ತಿದ್ದರು. ಕೆಲವರು ಗಾಡಿ ಕಟ್ಟಿಕೊಂಡು ಗಡಿ ದಾಟಿ ಸೋಲಾಪುರದ ಕಡೆ ಹೋಗುತ್ತಿದ್ದರು. ನಮ್ಮ ಸಾಹೇಬರು ಮಾತ್ರ ಅದೇ ದಾರಿಯಲ್ಲಿ ಕುದುರೆ ನಿಲ್ಲಿಸಿ, ಹಳ್ಳದ ದಂಡೆಯ ಕಲ್ಲನ್ನು ಎತ್ತಿ, ನೆಕ್ಕಿ ನೋಡುತ್ತಿದ್ದರು. ಹೌದು, ನೆಕ್ಕಿ. ಒದ್ದೆಯಾದರೆ ಕಲ್ಲಿನ ಕಣ ಚೆನ್ನಾಗಿ ಕಾಣುತ್ತದಂತೆ. ನೆಕ್ಕಿದ ಮೇಲೆ ಕಣ್ಣು ಮುಚ್ಚಿ ಮೂಗಿನಲ್ಲಿ ಒಂದು ಉದ್ದನೆಯ "ಹೂಂ..." ಎಳೆಯುತ್ತಿದ್ದರು. ಅವರು ತೀರಿಕೊಂಡ ಸುದ್ದಿ ಆಮೇಲೆ ಕೇಳಿದೆ. ಒಳ್ಳೆಯವರು. ಕಲ್ಲಿನ ಆಚೆ ಏನೂ ಕಾಣದಷ್ಟು ಒಳ್ಳೆಯವರು.

ಕೆಲಸದ ರೀತಿ ಹೀಗಿತ್ತು. ಬಿಸಿಲು ಮಳೆಗೆ ಕಂದಿದ ಹೊರಪದರ ಒಡೆದು ಒಳಗಿನ ತಾಜಾ ಕಲ್ಲು ತೆಗೆಯಬೇಕು, ಮೂಲೆ ತಟ್ಟಿ ಮುಷ್ಟಿಯಷ್ಟು ಮಾಡಬೇಕು. ಅದರ ಮೇಲೆ ಬಿಳಿ ಬಣ್ಣದ ಒಂದು ಬೊಟ್ಟು, ಒಣಗಿದ ಮೇಲೆ ಕರಿ ಶಾಯಿಯಲ್ಲಿ ನಂಬರು. ತೆಗೆದ ಜಾಗದ ಬಂಡೆಯ ಮೇಲೂ ಅದೇ ಬಿಳಿ ಬೊಟ್ಟು, ಅದೇ ನಂಬರು; ನಾಳೆ ಯಾರಾದರೂ ಹುಡುಕಿಕೊಂಡು ಬಂದರೆ ಸಿಗಲಿ ಎಂದು. ನಾನು ಆ ನಂಬರುಗಳನ್ನು ಮದುವೆ ಮನೆಯ ಗೋಡೆ ಬರೆಯುವವನ ಹಾಗೆ ಬಾಲ ಎಳೆದು ಬರೆಯುತ್ತಿದ್ದೆ.

ಮಾಣಿಕರಾವ ಕ್ಯಾಂಪಿನ ಪೇಶ್ಕಾರ. ಗಾಡಿ, ಆಳು, ದವಸ ಎಲ್ಲ ಅವನ ಕೈಯಲ್ಲಿ. ತಲೆಗೆ ಎಣ್ಣೆ, ಬಾಯಿಗೆ ಎಲೆ, ಕಿವಿಗೆ ಡೇರೆಯ ಬಟ್ಟೆ. ಸಾಹೇಬರು ಮಧ್ಯಾಹ್ನ ಡೇರೆಯಲ್ಲಿ ಕೂತು ಕಲ್ಲು ತಿರುವುತ್ತ ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುವ ರೂಢಿ. ಆಗೆಲ್ಲ ಮಾಣಿಕರಾವನಿಗೆ ಡೇರೆಯ ಹಿಂದಿನ ಹಗ್ಗ ಸಡಿಲವಾದದ್ದು ನೆನಪಾಗುತ್ತಿತ್ತು. ಗೂಟದ ಹತ್ತಿರ ಕುಕ್ಕರಗಾಲಲ್ಲಿ ಕೂತು ಬಟ್ಟೆಗೆ ಕಿವಿ ಹಚ್ಚುತ್ತಿದ್ದ. ಹಿಂದಿನಿಂದ ಬಿಸಿಲು ಬೀಳುತ್ತಿದ್ದುದರಿಂದ ಅವನ ರುಮಾಲು, ಮೂಗು, ಕಿವಿ ಎಲ್ಲ ಬಟ್ಟೆಯ ಮೇಲೆ ಗೊಂಬೆಯಾಟದ ಹಾಗೆ ಮೂಡುತ್ತಿದ್ದವು. ಮೂಲೆಯಲ್ಲಿ ಕಲ್ಲು ಸುತ್ತುತ್ತ ಕೂತ ನನಗೆ ಕಾಣುತ್ತಿದ್ದವು, ಸಾಹೇಬರಿಗೆ ಕಾಣುತ್ತಿರಲಿಲ್ಲ. ಅವರ ಕಣ್ಣು ಕಲ್ಲಿನ ಮೇಲೆ.

ನಿಂಬರ್ಗಾದಲ್ಲಿ ನನ್ನ ಸಣ್ಣವ್ವನ ಹೊಲವಿತ್ತು. ಸಣ್ಣವ್ವ ಎಂದರೆ ನಮ್ಮವ್ವನ ತಂಗಿ ಭಾಗಮ್ಮ. ಅವ್ವ ಸತ್ತ ಮೇಲೆ ನನ್ನನ್ನು ಬೆಳೆಸಿದವಳು. ಗಂಡನಿಲ್ಲ, ಮಕ್ಕಳಿಲ್ಲ. ತೊಗರಿ, ಜೋಳ ಬೆಳೆಯುವ ಒಂದು ತುಂಡು ಎರಿ ಹೊಲ, ಅದರಲ್ಲಿ ಅವಳೇ ಬುಟ್ಟಿ ಹೊತ್ತು ತೋಡಿಸಿದ ಬಾವಿ. ಹೊಸ ಬಾವಿಯ ಗೋಡೆಯಲ್ಲಿ ತಾಜಾ ಕಲ್ಲು ಕಾಣುತ್ತದೆಂದು ಸಾಹೇಬರಿಗೆ ಅದು ಹಬ್ಬ. ಇಳಿದು ಒಂದು ತುಂಡು ತೆಗೆಸಿದರು. ಬಾವಿಯ ಬಾಯಿಯ ಬಂಡೆಗೆ ನಾನೇ ಬಿಳಿ ಬೊಟ್ಟಿಟ್ಟು ನಂಬರು ಬರೆದೆ. ಸಣ್ಣವ್ವ ಅಂದು ಊರಲ್ಲಿರಲಿಲ್ಲ. ಮರುದಿನವೇ ನನ್ನನ್ನು ಪೆಟ್ಟಿಗೆಗಳ ಗಾಡಿಯ ಜೊತೆ ಅಫಜಲಪುರಕ್ಕೆ ಕಳಿಸಿದರು. ಕಳಿಸಿದವನು ಮಾಣಿಕರಾವ.

ನಾನು ತಿರುಗಿ ಬರುವಷ್ಟರಲ್ಲಿ ಹೊಲ ಹೋಗಿತ್ತು.

"ನಂಬರ್ ಬಿತ್ತಲ್ಲೋ ಶರಣ್ಯಾ," ಎಂದಳು ಸಣ್ಣವ್ವ, ಜೋಳ ಬೀಸುತ್ತಲೇ. "ಬಾವಿಗಿ ಸರ್ಕಾರದ ನಂಬರ್ ಬಿತ್ತು."

"ಅದು ಕಲ್ಲಿನ ನಂಬರ್ ಸಣ್ಣವ್ವ, ಹೊಲದ್ದಲ್ಲ! ಬರ್ದಾವ ನಾನೇ!"

ಬೀಸುವ ಕಲ್ಲು ನಿಂತಿತು. "ನೀ ಬರ್ದೀ? ಮತ್ತ ಆ ಪೇಶ್ಕಾರ ಹೇಳ್ದ, ನಂಬರ್ ಬಿದ್ದ ಹೊಲ ಸರ್ಕಾರ ಕಸ್ಕೋತದ, ಅಡ್ಡ ಬಂದವ್ರಿಗಿ ಜೇಲ್ ಆಗ್ತದ ಅಂತ. ತನ್ನ ಹೆಸರಿಗಿ ಮಾಡಿದ್ರ ಸರ್ಕಾರದವ್ರು ಮುಟ್ಟಂಗಿಲ್ಲ, ಗದ್ದಲ ಮುಗದ ಮ್ಯಾಲ ವಾಪಸ್ ಕೊಡ್ತೀನಿ ಅಂದ. ಊರಾಗಿನವ್ರೂ ಹೌದೌದು ಅಂದ್ರು. ಹೆಬ್ಬಟ್ಟ ಒತ್ತಿದ್ನೆಪಾ."

"ಏನ್ ಕೊಟ್ಟ?"

"ಸೀರಿ ಒಂದು." ಮೂಲೆಯತ್ತ ತೋರಿಸಿದಳು. ಮಡಿಕೆ ಬಿಚ್ಚಿರಲಿಲ್ಲ.

ಊರವರನ್ನು ಬೈದು ಉಪಯೋಗವಿಲ್ಲ. ಆ ವರ್ಷ ಗೋಡೆಯ ಮೇಲೆ ಗೆರೆ ಎಳೆದರೂ ಮಂದಿ ಅಂಜುತ್ತಿದ್ದರು. ಟೋಪಿ ಹಾಕಿದವನು ಬಂಡೆಗೆ ಬಿಳಿ ಬಣ್ಣ ಬಳಿದು ಲೆಕ್ಕ ಬರೆದರೆ ಹೊಲ ಜಪ್ತಾಯಿತು ಎನ್ನದೆ ಇನ್ನೇನೆಂದಾರು? ಆ ಅಂಜಿಕೆಯನ್ನು ಮಾಣಿಕರಾವ ನಾನು ಬರೆದ ಬಾಲದ ನಂಬರಿನಿಂದಲೇ ಕೊಯ್ದುಕೊಂಡಿದ್ದ. ಸಣ್ಣವ್ವ ಅಳಲಿಲ್ಲ. ಅವಳು ಅಂದದ್ದು ಇಷ್ಟೇ: "ಮುಂಗಾರಿ ಬಿತ್ತೂದ್ರಾಗ ನನ್ನ ಹೊಲ ನನಗ ಬೇಕು. ಹ್ಯಾಂಗರೇ ತಾ." ಆ ಚಳಿಗಾಲ ಅವಳು ತನ್ನದೇ ಹೊಲದಲ್ಲಿ, ಮಾಣಿಕರಾವ ಇಟ್ಟ ಆಳುಗಳ ಸಾಲಿನಲ್ಲಿ ನಿಂತು, ಕೂಲಿಗೆ ತೊಗರಿ ಕೊಯ್ದಳು.

ಸಾಹೇಬರಿಗೆ ಹೇಳಿದೆ. ಅವರು ಪೇಶ್ಕಾರನನ್ನು ಕರೆಸಿದರು. ಅವನು ಹೆಬ್ಬಟ್ಟಿನ ಕಾಗದ ತೋರಿಸಿ, "ಖುಷಿಯಿಂದ ಕೊಟ್ಟಾಳ್ರಿ ಹುಜೂರ್," ಎಂದ. ಸಾಹೇಬರು ಕನ್ನಡಕ ಒರೆಸಿಕೊಂಡು, "ಬೇಟಾ, ಮೈ ತೋ ಪತ್ಥರ್ ಕಾ ನೌಕರ್. ಕಲ್ಲು ನನ್ನದು, ಜಮೀನು ತಹಸೀಲಿನವರದು," ಎಂದರು. ತಹಸೀಲಿನವರು ದಿನಾ ಮಾಣಿಕರಾವನ ಎಲೆಡಬ್ಬಿಗೆ ಕೈ ಹಾಕುವವರು.

ಹೊರಗೆ ಬಂದಾಗ ಗಾಡಿಯವರೆಲ್ಲ ಕೂತಿದ್ದರು. ಮಾಣಿಕರಾವ ಎಲೆ ಉಗುಳಿ ನನ್ನತ್ತ ನೋಡಿದ. "ಎಲ್ಲಾರ್ದೂ ನಕಲ್ ಮಾಡ್ತೀಯಂತಲ್ಲ ಲೇ. ನಿನ್ನ ಸಣ್ಣವ್ವ ಹ್ಯಾಂಗ ಅಳ್ತಾಳ, ಒಂದ್ಸರ್ತಿ ತೋರ್ಸು, ನೋಡಮು."

ಗಾಡಿಯವರು ನಕ್ಕರು. ಹಿಂದಿನ ವಾರ ನಾನೇ ಅವರನ್ನು ನಗಿಸಿದ್ದೆನಲ್ಲ, ಅದೇ ನಗು. ಹುಟ್ಟಿದಾಗಿನಿಂದ ಮುಚ್ಚದ ಬಾಯಿ ಅಂದು ಮುಚ್ಚಿತು. ಅದರ ಹಿಂದೆ ಹಲ್ಲು ಕಚ್ಚಿಕೊಂಡು ನಾನು ಒಂದೇ ಮಾತು ಹೇಳಿಕೊಂಡೆ: ಮಗನೇ, ನಿನ್ನ ಕಿವಿಯಿಂದಲೇ ನಿನ್ನನ್ನು ಹಿಡಿಯುತ್ತೇನೆ.

ಚಳಿ ಇಳಿಯುವ ಹೊತ್ತಿಗೆ ಕ್ಯಾಂಪು ಗೊಬ್ಬೂರಿಗೆ ಹೋಯಿತು. ಗೊಬ್ಬೂರು ನನ್ನಪ್ಪನ ಊರು. ಅಪ್ಪ ನನಗೆ ಬಿಟ್ಟು ಹೋದ ಆಸ್ತಿ ಅಲ್ಲೊಂದು ಗುಡ್ಡ. ಗುಡ್ಡ ಎಂದರೆ ದೊಡ್ಡ ಮಾತು. ನೆಲಕ್ಕೆ ಎದ್ದ ಗಂಟು ಎನ್ನಬಹುದು. ಆಡು ಕೂಡ ಅದರ ಮೇಲೆ ಹತ್ತಿ, ಸುತ್ತ ನೋಡಿ, ನಾಚಿಕೊಂಡು ಇಳಿಯುತ್ತಿತ್ತು. ಊರವರು ನನ್ನನ್ನು "ಜಮೀನ್ದಾರ ಬಂದ್ರಪಾ" ಎಂದು ಕರೆಯುತ್ತಿದ್ದುದು ಅದಕ್ಕೇ. ಅಲ್ಲಿಯ ಕರಿಗಲ್ಲಿನ ತೂತುಗಳಲ್ಲಿ ಹಸಿರು ಬಣ್ಣದ ಮಣ್ಣು ಮೆತ್ತಿಕೊಂಡಿತ್ತು, ತಾಮ್ರದ ಹಂಡೆಗೆ ಕಿಲುಬು ಹಿಡಿದ ಹಾಗೆ. ತಾಮ್ರವೇ ಇರಬಹುದೆಂದು ನನಗೆ ಒಂದು ಗಳಿಗೆ ಆಸೆಯಾಯಿತು. "ಸಾಹೇಬ್, ತಾಂಬಾ ಹೈ ಕ್ಯಾ?" ಎಂದು ಕೇಳಿದೆ. ಅವರು ನೆಕ್ಕಲೂ ಇಲ್ಲ. ಉಗುರಿನಿಂದ ಕೆರೆದು, "ಮಿಟ್ಟೀ ಹೈ. ಹರೀ ಮಿಟ್ಟೀ. ಬೇಕಾರ್," ಎಂದು ನಕ್ಕರು; ಬರೀ ಹಸಿರು ಮಣ್ಣು, ಉಪಯೋಗವಿಲ್ಲ. ಮಾದರಿಗೆ ಒಂದು ತುಂಡು ಸಾಕು ಎಂದು ಸುತ್ತಿಗೆಯ ಆಳಿನಿಂದ ತೆಗೆಸಿ, ಮುಂದೆ ನಡೆದರು. ಮಾಣಿಕರಾವ ಆ ಹೊತ್ತು ಅಫಜಲಪುರದ ಬಜಾರಿನಲ್ಲಿ ದವಸ ಕೊಳ್ಳುತ್ತಿದ್ದ.

ಭೀಮಾ ದಾಟಿ ಜೇವರ್ಗಿಗೆ ಬರುವಷ್ಟರಲ್ಲಿ ಬಿಸಿಲು ಕಣ್ಣು ಬಿಟ್ಟಿತ್ತು. ಅಲ್ಲಿ ನೆಲವೇ ಬೇರೆ. ಕರಿಗಲ್ಲು ಹಿಂದೆ ಉಳಿದು, ಹಲಗೆ ಹಲಗೆಯಾಗಿ ಏಳುವ ಸುಣ್ಣದ ಕಲ್ಲು ಬಂತು. ಸೀಸೆಯಿಂದ ಆಮ್ಲದ ಒಂದು ಹನಿ ಹಾಕಿದರೆ ಕಲ್ಲು ನೊರೆ ಉಗುಳುತ್ತಿತ್ತು. ಮಾಣಿಕರಾವನನ್ನು ನೋಡಿದಾಗ ನಾನೂ. ಇನ್ನೂ ತೆಂಕಣಕ್ಕೆ ಯಡ್ರಾಮಿಯ ಕಡೆ ಹೋದರೆ ಕೆಂಪು ಬಿಳಿ ಕಾಳು ಬೆರೆಸಿದಂಥ ಗಟ್ಟಿ ಬಂಡೆ. ಸಾಹೇಬರು ಹಿಗ್ಗಿ ಹೋದರು. ಊಟ ಮರೆತು ಬಿಸಿಲಲ್ಲಿ ತಿರುಗಿ, ಒಂದು ಮಧ್ಯಾಹ್ನ ಬಂದವರೇ ಡೇರೆಯೊಳಗೆ ಮಂಚದ ಮೇಲೆ ಬಿದ್ದು ಗೊರಕೆ ಹೊಡೆದರು.

ನಾನು ಮಂಚದ ಪಕ್ಕದಲ್ಲಿ ಕೂತು ಕಲ್ಲುಗಳಿಗೆ ಹಳೆಯ ಅಖಬಾರಿನ ಹಾಳೆ ಸುತ್ತುತ್ತಿದ್ದೆ. ಬಟ್ಟೆಯ ಮೇಲೆ ಮೊದಲು ರುಮಾಲು ಮೂಡಿತು. ಆಮೇಲೆ ಮೂಗು. ಆಮೇಲೆ ಕಿವಿ.

ಇಂಥ ಹೊತ್ತಿಗಾಗಿಯೇ ನಾನು ವಾರಗಟ್ಟಲೆ ಸಾಹೇಬರ ದನಿಯನ್ನು ಹಳ್ಳದ ದಂಡೆಯಲ್ಲಿ ತಾಲೀಮು ಮಾಡಿದ್ದೆ. ಎದ್ದು ಹೊರಗೆ ಹೋದೆ. ಅವನಿಗೆ ಕೇಳುವಂತೆ, "ಗಾಡಿ ಕಡೆ ಹೋಗಾಕತ್ತೀನ್ರೀ," ಎಂದು ಒದರಿ, ಚಪ್ಪಲಿ ಕಳಚಿ, ಬರಿಗಾಲಲ್ಲಿ ಮುಂದಿನ ಬಾಗಿಲಿನಿಂದ ಒಳಗೆ ಬಂದೆ. ಗೊಬ್ಬೂರ ಗುಡ್ಡದ ತುಂಡನ್ನು ಇನ್ನೊಂದು ಕಲ್ಲಿಗೆ ಟಕ್ ಎಂದು ತಾಗಿಸಿದೆ. ಗಂಟಲು ಸಡಿಲ ಮಾಡಿ, ದನಿಯನ್ನು ಎದೆಗಿಳಿಸಿ, ಸಾಹೇಬರಾದೆ.

"ಗೊಬ್ಬೂರ್... ಉಸ್ ಲಡಕೇ ಕಾ ಗುಡ್ಡ... ಹರಾ ರಂಗ್... ಅರೇ ಭಾಯ್, ಯೇ ತೋ ತಾಂಬಾ! ಊಪರ್ ಥೋಡಾ, ನೀಚೇ ಬಹುತ್."

ಮೇಲೆ ಸ್ವಲ್ಪ, ಕೆಳಗೆ ಬಹಳ ತಾಮ್ರ ಎಂದದ್ದು ಕೇಳಿ ಬಟ್ಟೆಯ ಮೇಲಿನ ಕಿವಿ ಅಲುಗಲಿಲ್ಲ. ಆಗ ಮಂಚದ ಮೇಲೆ ಗೊರಕೆ ತುಂಡಾಯಿತು. ಸಾಹೇಬರು ಮಗ್ಗುಲಾದರು. ನನ್ನ ಜೀವ ಬಾಯಿಗೆ ಬಂತು. ಅಲ್ಲಿ ಆಗಲೇ ಸಾಹೇಬರ ದನಿ ಇದ್ದುದರಿಂದ ಜಾಗ ಸಿಗದೆ ವಾಪಸು ಹೋಯಿತು. ಅವರು ಕಣ್ಣು ತೆರೆಯಲಿಲ್ಲ. ನಿದ್ದೆಯಲ್ಲೇ ಮೂಗಿನಿಂದ ಎಳೆದರು: "ಹೂಂ..."

ಇಷ್ಟು ಸರಿಯಾದ ಜಾಗಕ್ಕೆ ಇಷ್ಟು ಸರಿಯಾದ ಹೂಂಕಾರ ನನಗೆ ಜನ್ಮದಲ್ಲಿ ಸಾಧ್ಯವಾಗುತ್ತಿರಲಿಲ್ಲ. ನಾನು ಮುಂದುವರಿಸಿದೆ. "ಹೈದರಾಬಾದಿಗೆ ನಾನೇ ಒಯ್ಯಬೇಕು. ಈಗ ಯಾರಿಗೂ ಹೇಳಬಾರದು. ಉಸ್ ಲಡಕೇ ಕೋ ಭೀ ನಹೀ."

ಆ ಹುಡುಗ ಎಂದರೆ ನಾನೇ. ನೆರಳು ಎದ್ದು, ಹಗ್ಗ ಎಡವಿ, ಹೋಯಿತು.

ಎರಡು ದಿನ ಮಾಣಿಕರಾವ ನನಗೆ ಲೇ ಎನ್ನಲಿಲ್ಲ. ಮೂರನೆಯ ದಿನ ಎಲೆಡಬ್ಬಿ ಮುಂದೆ ಹಿಡಿದು, "ಕೂಡಪಾ ಶರಣಪ್ಪ," ಎಂದ. ನನಗೆ ಪೂರ್ತಿ ಹೆಸರಿದೆ ಎಂದು ಅಂದೇ ನನಗೂ ನೆನಪಾಯಿತು.

"ಗೊಬ್ಬೂರಾಗ ನಿಂದೊಂದು ಗುಡ್ಡ ಅದಂತಲ್ಲ?"

"ಅದರೀ. ಅಪ್ಪ ಬಿಟ್ಟು ಹೋಗಿದ್ದು."

"ಏನ್ ಬೆಳಿತದ ಅಲ್ಲಿ?"

"ಹಲ್ಲಿ ಬೆಳಿತಾವ್ರಿ."

ನಕ್ಕ. ನಗುವಾಗಲೂ ಕಣ್ಣು ನನ್ನ ಮುಖ ಓದುತ್ತಿದ್ದವು. ನಾನು ಮುಖವನ್ನು ನಮ್ಮ ಗಾಡಿಯ ಎಡಗಡೆಯ ಎತ್ತಿನ ಹಾಗೆ ಮಾಡಿಕೊಂಡೆ. "ನೋಡು, ನನಗ ಅಲ್ಲೊಂದು ಮಠ ಕಟ್ಟಿಸ್ಬೇಕಂತ ಮನಸಾಗ್ಯಾದ. ನಿನ್ನ ಸಣ್ಣವ್ವನ ಹೊಲ ಬಾವಿ ಸಮೇತ ವಾಪಸ್ ತಗೋ. ಗುಡ್ಡ ನನಗ ಕೊಡು."

ಒಪ್ಪಿಬಿಡಲು ನಾಲಿಗೆ ತುದಿಗಾಲಲ್ಲಿ ನಿಂತಿತ್ತು. ಅದನ್ನು ಹಿಡಿದು ಕೂರಿಸಿದೆ. "ಅಪ್ಪನ ನೆನಪದರಿ ಅದು. ಸಣ್ಣವ್ವನ್ನ ಕೇಳ್ತೀನ್ರಿ."

ಸಣ್ಣವ್ವನಿಗೆ ನಾನು ವಿಷಯ ಹೇಳಿದಾಗ ಅವಳು ಸೆರಗು ಬಾಯಿಗಿಟ್ಟು ನಕ್ಕದ್ದು ಆ ವರ್ಷದಲ್ಲಿ ಅದೊಂದೇ ಸಲ. ಮಾಣಿಕರಾವನ ಎದುರು ಮಾತ್ರ ಅವಳು ನನಗೇ ಪಾಠ ಕಲಿಸುವಂಥ ಆಟ ಆಡಿದಳು. "ಗುಡ್ಡ ಕೊಡಂಗಿಲ್ರಿ. ನಮ್ಮ ಭಾವನ ಬಂಗಾರದಂಥಾ ಗುಡ್ಡ. ಮುಂಜಾನಿ ಎದ್ದು ನೋಡಿದ್ರ ಹೊಟ್ಟಿ ತುಂಬ್ತದ!" ಅವಳು ಆ ಗುಡ್ಡವನ್ನು ಕಣ್ಣಿಂದ ಕಂಡವಳೇ ಅಲ್ಲ. ಅವನು ಕೊಡುವುದನ್ನು ಏರಿಸಿದ, ಹೊಲದಲ್ಲಿ ಒಟ್ಟಿದ್ದ ಜೋಳದ ದಂಟಿನ ಕಣಕಿಯೂ ಅವಳದೇ ಎಂದ. ಇವಳು ಮತ್ತೆ ಕಣ್ಣೊರೆಸಿದಳು. ಅವನು ಎತ್ತಿನ ಜೋಡಿ ಒಂದನ್ನು ಸೇರಿಸಿದ. ಆಗ ಸಣ್ಣವ್ವ ನಿಟ್ಟುಸಿರು ಬಿಟ್ಟು, "ಆಯ್ತು ಬಿಡ್ರಿ, ದೊಡ್ಡವ್ರು ಕೇಳಾಕತ್ತೀರಿ," ಎಂದಳು. ಅವನ ಎಲೆಡಬ್ಬಿಯ ಗೆಳೆಯರೇ ಅದಲು-ಬದಲಿನ ಕಾಗದಕ್ಕೆ ಗಟ್ಟಿಯಾಗಿ ಮೊಹರು ಒತ್ತಿದರು, ಎಲ್ಲಿ ನಾವು ತಿರುಗಿ ಬೀಳುತ್ತೇವೋ ಎಂದು.

ಆ ಮುಂಗಾರಿಗೆ ಸಣ್ಣವ್ವ ತನ್ನ ಹೊಲ ತಾನೇ ಬಿತ್ತಿದಳು. ಬಾವಿಯ ಬಂಡೆಯ ಮೇಲಿನ ನನ್ನ ನಂಬರನ್ನು ಇಟ್ಟಂಗಿ ಚೂರಿನಿಂದ ತಿಕ್ಕಿ ತಿಕ್ಕಿ ಅಳಿಸಿದಳು. ಸಾಹೇಬರ ಪೆಟ್ಟಿಗೆಯಲ್ಲಿನ ಆ ತುಂಡನ್ನು ಹುಡುಕಿಕೊಂಡು ಇನ್ನು ಯಾರೇ ಬಂದರೂ ಬಾವಿ ಸಿಗುವುದಿಲ್ಲ.

ಇಲ್ಲಿಗೆ ಮುಗಿಸಿದ್ದರೆ ನಾನು ಸಭ್ಯನಾಗುತ್ತಿದ್ದೆ. ಆದರೆ ಹೊಲ ಬಂದರೂ ನನ್ನ ಹೊಟ್ಟೆ ತಣ್ಣಗಾಗಲಿಲ್ಲ. ಹೊಡೆದವನು ಯಾರೆಂದು ಹೊಡೆಸಿಕೊಂಡವನಿಗೆ ಗೊತ್ತಾಗದಿದ್ದರೆ ಅದೆಂಥ ಹೊಡೆತ? ಹೇಳಿದರೆ ಅವನ ತಹಸೀಲಿನ ಗೆಳೆಯರು ಕಾಗದವನ್ನು ತಿರುವಿ ಹಾಕಿಯಾರು ಎಂಬ ಅಂಜಿಕೆ. ಆ ಬೇಸಿಗೆ, ಆ ಮಳೆ, ನಾನು ಬಾಯಿ ಕಟ್ಟಿಕೊಂಡಿದ್ದೆ. ನನ್ನಂಥವನಿಗೆ ಅದು ಉಪವಾಸಕ್ಕಿಂತ ಕಷ್ಟ. ಸಾಹೇಬರು ಪೆಟ್ಟಿಗೆಗಳೊಂದಿಗೆ ಹೈದರಾಬಾದಿಗೆ ಹೋದರು, ಕ್ಯಾಂಪು ಮುರಿಯಿತು. ಸೆಪ್ಟೆಂಬರದಲ್ಲಿ ಫೌಜು ಬಂತು, ಸರ್ಕಾರ ಬದಲಾಯಿತು. ತಹಸೀಲಿನ ಹಳೆಯ ಮುಖಗಳೆಲ್ಲ ಕಾಣೆಯಾದವು. ಜೋಳ ಮೊಳಕಾಲೆತ್ತರ ಬಂದಾಗ ನಾನು ತಲೆ ಬಾಚಿಕೊಂಡು ಗೊಬ್ಬೂರಿಗೆ ಹೊರಟೆ, ಮದುವೆಗೆ ಹೊರಟವನ ಹಾಗೆ.

ಗುಡ್ಡದ ನೆತ್ತಿಯಲ್ಲಿ ಒಂದು ಗುಂಡಿ. ಅದರೊಳಗೆ ಮಾಣಿಕರಾವ. ನೌಕರಿ ಹೋಗಿತ್ತು, ಆಳುಗಳು ಬಿಟ್ಟು ಹೋಗಿದ್ದರು, ಹೆಂಡತಿ ತವರಿಗೆ ಹೋಗಿದ್ದಳು. ಎಣ್ಣೆ ಕಾಣದ ತಲೆಗೆ ಟವೆಲು ಸುತ್ತಿ, ತಾನೇ ಹಾರೆ ಹಿಡಿದಿದ್ದ. ಅಂಗೈ ತುಂಬ ಬೊಬ್ಬೆ. ದಂಡೆಯ ಮೇಲೆ ಹಸಿರು ಮೆತ್ತಿದ ಕಲ್ಲುಗಳ ರಾಶಿ. ಕನಿಕರ ಎಲ್ಲಾದರೂ ಇದೆಯೇ ಎಂದು ಒಳಗೆ ತಡಕಾಡಿದೆ. ಸಿಗಲಿಲ್ಲ. ಸಣ್ಣವ್ವ ಕೂಲಿಯವರ ಸಾಲಿನಲ್ಲಿ ಬಗ್ಗಿ ನಿಂತದ್ದೇ ಸಿಕ್ಕಿತು.

"ಪೇಶ್ಕಾರ್ರೆ," ಎಂದೆ, ದಂಡೆಯ ಮೇಲೆ ಕೂತು. "ಇಲ್ಲಿ ತಾಮ್ರ ಇಲ್ರಿ. ಹಸರ ಮಣ್ಣು. ಸಾಹೇಬ್ರು ಬೇಕಾರ್ ಅಂದಿದ್ರು. ಅವತ್ತು ಜೇವರ್ಗಿ ಡೇರೆದಾಗ ಮಾತಾಡ್ದಾವ ನಾ."

ಅವನು ಹಾರೆ ಊರಿ ನನ್ನನ್ನು ನೋಡಿದ. ನಾನು ಈ ಗಳಿಗೆಗಾಗಿಯೇ ಬದುಕಿದ್ದೆ. ಎದೆ ಸಡಿಲ ಮಾಡಿ, ಅಂದಿನ ಮಾತುಗಳನ್ನು ಒಂದೂ ಬಿಡದೆ, ಸಾಹೇಬರ ದನಿಯಲ್ಲಿ ಒಪ್ಪಿಸಿದೆ. ಕೊನೆಗೆ ಹೂಂಕಾರವನ್ನೂ ಎಳೆದೆ.

ಮಾಣಿಕರಾವ ನಕ್ಕ. ಬಾಯಿ ತುಂಬ, ಮನಸಾರೆ. "ನಿನ್ನ ಆಸೆ ಗೊತ್ತಾಯ್ತು ಬಿಡಲೇ. ಗುಡ್ಡ ವಾಪಸ್ ಬೇಕಾಗ್ಯಾದ ನಿನಗ. ಹೋಗೂಮುಂದ ಸಾಹೇಬ್ರೇ ನಿನಗ ಎಲ್ಲಾ ಹೇಳ್ಯಾರ, ಈಗ ಬಂದು ಗಿಳಿಪಾಠ ಒಪ್ಪಿಸಾಕತ್ತೀ."

"ಆಣಿ ಮಾಡಿ ಹೇಳ್ತೀನ್ರಿ, ನಾನೇ!"

"ನೀ ಏನ್ ನಕಲ್ ಮಾಡ್ತೀ ತಗೋ. ಮಾತು ಹಾಂಗೂ ಹೀಂಗೂ ಬಂತು. ಅವತ್ತಿನ ಆ ಹೂಂ ಅದ ನೋಡು, ಅದು ನಿನ್ನ ಅಪ್ಪಗೂ ಬರಂಗಿಲ್ಲ. ಅದು ಸಾಹೇಬ್ರದೇ. ಈ ಕಿವಿಲೇ ಕೇಳೀನಿ."

ಕಿವಿಯನ್ನು ಮುಟ್ಟಿ ತೋರಿಸಿದ. ಜನ್ಮದ ವಿದ್ಯೆಯೆಲ್ಲ ಸುರಿದು ಹೊಡೆದ ಹೊಡೆತಕ್ಕೆ ನನ್ನ ಹೆಸರು ಸಿಗಲಿಲ್ಲ. ಸಾಕ್ಷಿ ಬೇಕೇ, ಇನ್ನೂ ಇದ್ದವು: ಸಣ್ಣವ್ವ ಇದ್ದಳು, ಗೊಬ್ಬೂರಿನಲ್ಲಿ ಸಾಹೇಬರು ಬೇಕಾರ್ ಎಂದಾಗ ಸುತ್ತಿಗೆ ಹಿಡಿದು ನಿಂತಿದ್ದ ಆಳು ಇದ್ದ. ಅವನನ್ನು ಕರೆತಂದರೆ ಮಾಣಿಕರಾವ ಇಂದೇ ಹಾರೆ ಕೆಳಗಿಡುತ್ತಿದ್ದ. ನಾಳೆ ಎದ್ದು ಎಲ್ಲಾದರೂ ಒಂದು ಕಾರಕೂನನ ಕೆಲಸ ಹುಡುಕಿಕೊಳ್ಳುತ್ತಿದ್ದ, ಹೆಂಡತಿಯನ್ನು ಕರೆತರುತ್ತಿದ್ದ.

ಅವನು ಆಗಲೇ ನನ್ನನ್ನು ಮರೆತು ಹಾರೆ ಎತ್ತಿದ್ದ. ಕಿಡಿ ಹಾರಿತು. ಅಂಗೈಯ ಬೊಬ್ಬೆ ಒಡೆದು ಹಾರೆಯ ಹಿಡಿ ಒದ್ದೆಯಾಯಿತು. "ಇನ್ನ ಎಷ್ಟ್ ಕೆಳಗ ಇರಬಹುದಲೇ, ನಿನಗ ಏನರೆ ಅಂದಿದ್ರೇನು ಸಾಹೇಬ್ರು?" ಎಂದು ಕೇಳಿದ, ತಲೆ ಎತ್ತದೆ.

ನಾನು ಎದ್ದು ಧೋತರದ ಧೂಳು ಕೊಡವಿಕೊಂಡೆ.

"ಇನ್ನೊಂದಿಷ್ಟು ಕೆಳಗ ಅದರಿ," ಎಂದೆ. "ಅಗೀತಿರ್ರಿ."

ಅದನ್ನು ನನ್ನ ದನಿಯಲ್ಲೇ ಹೇಳಿದೆ. ಅದನ್ನು ಅವನು ನಂಬಿದ.